ಲಿವರ್ ಯಾವ ಕಡೆಗೆ

ನಮ್ಮ ಯಜಮಾನರು ಇಡೀ ಜನ್ಮದಲ್ಲಿ ಆಡಿದ ಮಾತನ್ನೆಲ್ಲ ಕೂಡಿಸಿದರೂ ನಾನು ಒಂದು ಬೆಳಗ್ಗೆ ಆಡುವಷ್ಟು ಆಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ, ಪಾಪ, ನಾಚಿಕೆ ಸ್ವಭಾವ, ಬರುಬರುತ್ತಾ ಸರಿಹೋಗುತ್ತೆ ಅಂದುಕೊಂಡಿದ್ದೆ. ಎಲ್ಲಿ ಸರಿಹೋಗೋದು. ಊಟದಲ್ಲಿ ಉಪ್ಪು ಕಮ್ಮಿಯಾದರೂ "ಹ್ಞೂಂ", ಜಾಸ್ತಿಯಾದರೂ "ಹ್ಞೂಂ". ಹೊಸ ಬಟ್ಟೆ ಉಟ್ಟು ಎದುರಿಗೆ ನಿಂತರೂ ಅದೇ "ಹ್ಞೂಂ". ನನ್ನ ತಂಗಿ ಬಂದಾಗಲೆಲ್ಲ ಕೇಳೋಳು, "ಭಾವ ಮಾತಾಡಿದರಾ ಅಕ್ಕಾ, ಇಲ್ಲಾ ಇನ್ನೂ ಯೋಚನೆ ಮಾಡ್ತಿದ್ದಾರಾ?" ಅಂತ. ನಾನೂ ಅವಳ ಜೊತೆ ನಗುತ್ತಿದ್ದೆ. ಒಳಗೊಳಗೆ ಉರಿಯುತ್ತಿತ್ತು ಅನ್ನೋದು ಬೇರೆ ಮಾತು.

ಅವರು ಟರ್ನರ್. ಅಂದರೆ ಲೇತ್ ಕೆಲಸದವರು. ಲೋಹದ ಸರಳನ್ನು ಗರಗರ ತಿರುಗಿಸಿ, ಅದಕ್ಕೆ ಹರಿತವಾದ ಟೂಲ್ ತಾಗಿಸಿ, ಬೇಕಾದ ಆಕಾರಕ್ಕೆ ಕೆತ್ತುವ ಯಂತ್ರ ಅದು. ಮನೆಯ ಮುಂದಿನ ಕೋಣೆಯೇ ವರ್ಕ್‌ಶಾಪ್. ರಸ್ತೆ ಕಡೆಗೆ ಶಟರ್, ಒಳಗಡೆಗೆ ಒಂದು ಬಾಗಿಲು, ಬಾಗಿಲಿನಿಂದ ಈಚೆ ನನ್ನ ಅಡುಗೆಮನೆ. ನಾನು ಆ ಮನೆಗೆ ಬರೋ ಮೊದಲೇ ಲೇತ್ ಬಂದು ಕೂತಿತ್ತು. ಹಸಿರು ಬಣ್ಣ, ಕೈ ತಾಗುವ ಕಡೆಯಲ್ಲೆಲ್ಲ ಬಣ್ಣ ಎದ್ದುಹೋಗಿ ಒಳಗಿನ ಕಪ್ಪು ಕಾಣುತ್ತಿತ್ತು. ಹಿರಿಯ ಹೆಂಡತಿ ಅಂತ ನಾನು ಅದಕ್ಕೆ ಹೆಸರಿಟ್ಟಿದ್ದೆ. "ಹಿರಿಯವಳಿಗೆ ಎಣ್ಣೆ ಹಾಕಿ ಆಯ್ತಾ? ಇನ್ನು ಕಿರಿಯವಳ ಹತ್ತಿರ ಊಟಕ್ಕೆ ಬನ್ನಿ" ಅಂತ ಬಾಗಿಲಲ್ಲಿ ನಿಂತು ಕೂಗುತ್ತಿದ್ದೆ. ಬಾಗಿಲು ದಾಟಿ ಹೋಗುತ್ತಿರಲಿಲ್ಲ. ಕೆತ್ತಿದ ಲೋಹದ ಸುರುಳಿ ಕಾಲಿಗೆ ಚುಚ್ಚುತ್ತೆ ಅಂತ ಅವರು ಬಿಡುತ್ತಿರಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ಅವರು ಬಾಗಿಲಿನ ಆ ಕಡೆ, ನಾನು ಈ ಕಡೆ, ಹಾಗೇ ವಯಸ್ಸಾಯಿತು.

ರಸ್ತೆಯವರೆಲ್ಲ ಅವರನ್ನು ಹ್ಞೂಂ ಟರ್ನರ್ ಅಂತಲೇ ಕರೆಯೋದು. ಗಿರಾಕಿಗಳು ಮುರಿದ ಭಾಗ ತಂದು ಮೇಜಿನ ಮೇಲಿಟ್ಟು, ಅದು ಹೇಗೆ ಮುರಿಯಿತು ಅನ್ನೋ ಪುರಾಣವನ್ನೆಲ್ಲ ಬಿಚ್ಚಿ, ಕೊನೆಗೆ "ಆಗುತ್ತಾ?" ಅಂದರೆ "ಹ್ಞೂಂ". ಯಾವಾಗ ಬರಲಿ ಅಂದರೆ ಗೋಡೆ ಗಡಿಯಾರದ ಕಡೆ ಬೆರಳು ತೋರಿಸೋದು. ಆ ಹೊತ್ತಿಗೆ ಕೆಲಸ ಮುಗಿದಿರುತ್ತಿತ್ತು. ಹಾಗಾಗಿ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಬೇಜಾರು ಮಾಡಿಕೊಳ್ಳೋಕೆ ನಾನೊಬ್ಬಳು ಇದ್ದೆನಲ್ಲ.

ಒಂದು ಬೆಳಗ್ಗೆ ಹಲ್ಲುಜ್ಜುತ್ತಾ ನಿಂತಿದ್ದರು. ಕೈಯಿಂದ ಬ್ರಷ್ ಜಾರಿ ಬಿತ್ತು. ಎತ್ತಿಕೊಳ್ಳೋಕೆ ಬಗ್ಗಿದರು, ಅವರೂ ಬಿದ್ದರು. ಲಕ್ವ. ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬಂದಾಗ ಬಲಗೈ ಭುಜದಿಂದ ಸುಮ್ಮನೆ ಜೋತುಬಿದ್ದಿತ್ತು, ಬಲಗಾಲು ನೆಲ ಸವರುತ್ತಿತ್ತು. ಮಾತು ತೊದಲು. ಇದ್ದದ್ದೇ ನಾಲ್ಕು ಮಾತು, ಅದರಲ್ಲೂ ಎರಡನ್ನು ಕಿತ್ತುಕೊಂಡು ಹೋಯಿತು ಹಾಳು ಕಾಯಿಲೆ.

ಆಮೇಲೆ ಕುರ್ಚಿಯೇ ಗತಿ. ಕಿಟಕಿ ಕಡೆ ಕೂರಿಸಿದರೆ ಕಿಟಕಿ ನೋಡುತ್ತಿದ್ದರು, ಗೋಡೆ ಕಡೆ ಕೂರಿಸಿದರೆ ಗೋಡೆ ನೋಡುತ್ತಿದ್ದರು. ನಾನು ಊಟ ಮಾಡಿಸಿದೆ, ಸ್ನಾನ ಮಾಡಿಸಿದೆ, ಡಾಕ್ಟರು ಹೇಳಿದ ಹಾಗೆ ಕೈ ತಿಕ್ಕಿದೆ. ಕೈ ಮಾತ್ರ ಯಾರದ್ದೋ ಕೈ ಥರ ಇತ್ತು. ಒಂದು ಮಧ್ಯಾಹ್ನ ನಾನು ಪಾತ್ರೆ ತೊಳೆಯುತ್ತಿದ್ದಾಗ ವರ್ಕ್‌ಶಾಪಿನಿಂದ ಠಣ್ ಅಂತ ಸದ್ದಾಯಿತು. ಒದ್ದೆ ಕೈಯಲ್ಲೇ ಓಡಿದೆ. ಲೇತ್ ಮುಂದೆ ನಿಂತಿದ್ದಾರೆ. ಟೂಲ್ ನೆಲದ ಮೇಲೆ ಬಿದ್ದಿದೆ, ಸ್ಪಾನರ್ ಒಂದು ಕಡೆ, ತಗಡಿನ ಚೂರುಗಳು ಒಂದು ಕಡೆ ಚೆಲ್ಲಿಹೋಗಿವೆ. ಅವರ ಕಣ್ಣಲ್ಲಿ ನೀರು. ಇಷ್ಟು ವರ್ಷದಲ್ಲಿ ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಏನ್ರೀ ಇದು, ಹೇಳಿದ್ದರೆ ನಾನು ಬರ್ತಿರಲಿಲ್ವಾ?" ಅಂತ ಗದರಿದೆ. ಗದರದೆ ಇದ್ದಿದ್ದರೆ ನಾನೂ ಅತ್ತುಬಿಡುತ್ತಿದ್ದೆ. ಚೂರುಗಳನ್ನೆಲ್ಲ ಆರಿಸಿ ಸೆರಗಲ್ಲಿ ಒರೆಸಿಕೊಂಡು ಅವರ ಪಕ್ಕ ನಿಂತೆ. "ಇನ್ನು ಹೇಳಿ, ಯಾವುದನ್ನ ಎಲ್ಲಿಡಬೇಕು?"

 ಅವರು ಎಡಗೈಯಲ್ಲಿ ತೋರಿಸಿದರು. ಆವತ್ತು ನಾನು ಮೊದಲ ಸಲ ಬಾಗಿಲಿನ ಆ ಕಡೆಯವಳಾದೆ.

ಇಲ್ಲಿ ಸ್ವಲ್ಪ ಕೆಲಸದ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯೋಲ್ಲ. ಲೇತ್‌ನಲ್ಲಿ ಟೂಲನ್ನು ಕಚ್ಚಿ ಹಿಡಿಯುವ ಒಂದು ಚೌಕದ ದಿಮ್ಮಿ ಇರುತ್ತೆ, ಟೂಲ್ ಪೋಸ್ಟ್ ಅಂತಾರೆ. ಟೂಲಿನ ತುದಿ ತಿರುಗುವ ಸರಳಿನ ನಟ್ಟನಡುವಿನ ಎತ್ತರಕ್ಕೇ ನಿಲ್ಲಬೇಕು. ಕೂದಲಷ್ಟು ಕೆಳಗಾದರೂ ಸರಳಿನ ಮುಖ, ಅಂದರೆ ತುದಿಯ ಚಪ್ಪಟೆ ಭಾಗ, ಕೆತ್ತಿದಾಗ ಮಧ್ಯದಲ್ಲಿ ಸಣ್ಣ ಮೊಡವೆ ಹಾಗೆ ಒಂದು ಚುಕ್ಕೆ ಉಳಿದುಬಿಡುತ್ತೆ. ಅದಕ್ಕೇ ಟೂಲಿನ ಅಡಿಗೆ ತೆಳ್ಳಗಿನ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಎತ್ತರ ಸರಿಮಾಡಬೇಕು, ಆಮೇಲೆ ಮೇಲಿನಿಂದ ಬೋಲ್ಟ್ ಬಿಗಿಯಬೇಕು. ಪ್ರತಿ ಟೂಲಿಗೂ ಇದೇ ರಾಮಾಯಣ. ಒಂದು ಕೈ ಪಟ್ಟಿ ಹಿಡಿದಿರಬೇಕು, ಇನ್ನೊಂದು ಕೈ ಬೋಲ್ಟ್ ತಿರುಗಿಸಬೇಕು. ಒಂದೇ ಕೈ ಇರೋ ಮನುಷ್ಯ ಏನು ಮಾಡಬೇಕು?

ಆ ಪಟ್ಟಿಗಳು ಒಂದು ದುಂಡನೆ ಡಬ್ಬಿಯಲ್ಲಿದ್ದವು. ಮುರಿದ ಗರಗಸದ ಬ್ಲೇಡು, ಡಬ್ಬಿಯ ತಗಡು, ಅರ್ಧಕ್ಕೆ ಮುರಿದ ಶೇವಿಂಗ್ ಬ್ಲೇಡು, ಎಲ್ಲವೂ ಅವರೇ ಕತ್ತರಿಸಿ ಉಜ್ಜಿ ಮಾಡಿಟ್ಟುಕೊಂಡಿದ್ದು. ನಾನು ಎಲ್ಲದರ ಹೆಸರು ಕಲಿತೆ. "ಗರಗಸ ಕೊಡು" ಅನ್ನೋರು. ಕೊಡುತ್ತಿದ್ದೆ. ಬಗ್ಗಿ ನೋಡಿ, "ತಗಡು". ತಗಡು ಇಡುತ್ತಿದ್ದೆ. ಮತ್ತೆ ಬಗ್ಗಿ ನೋಡಿ, "ಬ್ಲೇಡ್ ಒಂದು ಕೊಡು, ಕುಳ್ಳಿ". ನಾನು ಕುಳ್ಳಿಯೇ, ಅವರ ಭುಜದ ಮಟ್ಟ ಬರುತ್ತಿರಲಿಲ್ಲ. ಲೇತ್ ನನ್ನ ಎದೆ ಮಟ್ಟಕ್ಕೆ ಬರುತ್ತೆ ಅಂತ ನೆಲಕ್ಕೊಂದು ದಪ್ಪ ಹಲಗೆ ಹಾಕಿಕೊಟ್ಟರು, ಅದರ ಮೇಲೆ ನಿಂತು ಕೆಲಸ ಮಾಡುತ್ತಿದ್ದೆ. ಬೋಲ್ಟ್ ಅವರು ಎಡಗೈಯಲ್ಲಿ ಬಿಗಿಯೋರು. ಬಲಗಡೆಯ ಹ್ಯಾಂಡಲ್ ನಾನು ತಿರುಗಿಸುತ್ತಿದ್ದೆ, ಎಡಗಡೆಯ ಚಕ್ರ ಅವರು. ಕೆತ್ತಿ ಆದ ಮೇಲೆ ಯಂತ್ರ ನಿಲ್ಲಿಸಿ ಸರಳಿನ ಮುಖದ ಮೇಲೆ ಹೆಬ್ಬೆರಳು ಸವರಿ ನೋಡೋರು. ಮೊಡವೆ ಇಲ್ಲದಿದ್ದರೆ ನನ್ನ ಹೆಬ್ಬೆರಳನ್ನೂ ಹಿಡಿದು ಸವರಿಸೋರು.

ಗಂಡನಿಗೆ ಲಕ್ವ ಹೊಡೆದ ಮೇಲೆ ನಾನು ಜೀವನದಲ್ಲಿ ಎಂದೂ ಇಲ್ಲದಷ್ಟು ಖುಷಿಯಾಗಿದ್ದೆ ಅಂದರೆ ಕೇಳಿದವರು ಬಾಯಿಗೆ ಬಂದ ಹಾಗೆ ಬೈಯುತ್ತಾರೆ. ಬೈಯಲಿ. ಗರಗಸ, ತಗಡು, ಬ್ಲೇಡ್, ಇಷ್ಟೇ ಮಾತು. ಆದರೆ ದಿನವಿಡೀ ನನ್ನ ಜೊತೆ ಆಡುತ್ತಿದ್ದರಲ್ಲ. ನಾನೂ ವಟವಟ ಅನ್ನುತ್ತಲೇ ಇರುತ್ತಿದ್ದೆ. ಒಂದೊಂದು ಸಲ ಅವರ ಬಾಯಿ ಎಡಕ್ಕೆ ಸೊಟ್ಟಗಾಗೋದು, ಅದು ನಗು ಅಂತ ನನಗೊಬ್ಬಳಿಗೇ ಗೊತ್ತು. ಮೊದಲಿನ ಹಾಗೆ ಬಗೆಬಗೆಯ ಕೆಲಸ ಆಗುತ್ತಿರಲಿಲ್ಲ. ನೀರಿನ ಪಂಪ್ ರಿಪೇರಿ ಮಾಡೋನು ಒಬ್ಬ ಇದ್ದ, ಹಳೇ ಗಿರಾಕಿ. ಅವನ ಪಂಪುಗಳಿಗೆ ಬೇಕಾದ ಹಿತ್ತಾಳೆ ಬುಷ್, ಅಂದರೆ ಬೆರಳುಂಗುರದ ಹಾಗೆ ನಡುವೆ ತೂತಿರೋ ಸಣ್ಣ ಕೊಳವೆ, ಅದನ್ನೇ ಮಾಡಿ ಮಾಡಿ ಕೊಡುತ್ತಿದ್ದೆವು. ಅವನು ಬಂದಾಗೆಲ್ಲ, "ಅಮ್ಮಾ, ನೀವು ಬಂದ ಮೇಲೆ ಬುಷ್ ಸ್ವಲ್ಪ ಮಾತಾಡೋಕೆ ಶುರು ಮಾಡಿದೆ" ಅಂತ ಕಿಚಾಯಿಸೋನು.

ಆ ಪುಣ್ಯಾತ್ಮನೇ ಒಂದು ದಿನ ಬೆಂಕಿ ಹಚ್ಚಿದ್ದು. ಬೇರೆ ಯಾವುದೋ ವರ್ಕ್‌ಶಾಪಿನಲ್ಲಿ ಹೊಸ ನಮೂನೆ ಟೂಲ್ ಪೋಸ್ಟ್ ನೋಡಿ ಬಂದಿದ್ದ. ಪ್ರತಿ ಟೂಲಿಗೂ ಅದರದ್ದೇ ಒಂದು ಹೋಲ್ಡರ್ ಇರುತ್ತಂತೆ. ಒಂದು ಸಲ ಎತ್ತರ ಸರಿಮಾಡಿ ಬಿಟ್ಟರೆ ಮುಗೀತು. ಹೋಲ್ಡರನ್ನು ಮೇಲಿನಿಂದ ಜಾರಿಸಿ ಲಿವರ್ ಎಳೆದರೆ ಕಚ್ಚಿಕೊಳ್ಳುತ್ತೆ, ಬಿಟ್ಟರೆ ಬಿಡುತ್ತೆ. ಪಟ್ಟಿ ಇಲ್ಲ, ಬೋಲ್ಟ್ ಇಲ್ಲ. "ಚಿಟಿಕೆ ಹೊಡೆಯೋಷ್ಟರಲ್ಲಿ ಟೂಲ್ ಬದಲು" ಅಂದ.

ಇವರು ಕಿವಿ ನೆಟ್ಟಗೆ ಮಾಡಿಕೊಂಡು ಕೇಳಿದರು. ಅವನು ಹೋದ ಮೇಲೆ ನನ್ನ ಕಡೆ ತಿರುಗಿ, ತೊದಲುತ್ತಾ, ಒಂದೊಂದೇ ಮಾತು ಜೋಡಿಸಿ ಹೇಳಿದರು: "ಅದು ತರೋಣ. ಒಬ್ಬರೇ ಮಾಡಬಹುದು."

 ಒಬ್ಬರೇ. ಅಂದರೆ ನಾನು ಬೇಡ. ಮತ್ತೆ ಬಾಗಿಲಿನ ಈ ಕಡೆ, ಅಡುಗೆಮನೆಗೆ. ಆದರೂ ಬೇಡ ಅನ್ನೋಕೆ ಬಾಯಿ ಬರಲಿಲ್ಲ. ತನ್ನ ಕೆಲಸ ತಾನೇ ಮಾಡಿಕೊಳ್ಳಬೇಕು ಅಂತ ಆಸೆಪಡುವ ಗಂಡಸಿಗೆ, ಇಲ್ಲ, ನಾನು ಪಕ್ಕದಲ್ಲೇ ಇರಬೇಕು, ನೀವು ಹೀಗೇ ಅರ್ಧ ಆಗಿರಿ ಅಂತ ಯಾವ ಹೆಂಡತಿ ಹೇಳುತ್ತಾಳೆ? ನುಂಗಿಕೊಂಡೆ.

ಕೊಳ್ಳೋ ಮೊದಲು ಅಳತೆ ಬೇಕಿತ್ತು. ಹಳೇ ಪೋಸ್ಟ್ ಬಿಚ್ಚಿಸಿದರು. ಅದು ಕೂರುವ ಬೋಳು ಜಾಗದಿಂದ ಸರಳಿನ ನಡುವಿನ ಮಟ್ಟಕ್ಕೆ ಎಷ್ಟು ಎತ್ತರ ಅಂತ ತಿಳಿಯಬೇಕು. ಅದಕ್ಕಿಂತ ಎತ್ತರದ ಪೋಸ್ಟ್ ತಂದರೆ ಟೂಲ್ ಕೆಳಗೇ ಇಳಿಯೋಲ್ಲ, ತೀರ ಗಿಡ್ಡದು ತಂದರೆ ಮೇಲೇ ಬರೋಲ್ಲ. ಸ್ಕೇಲ್ ಹಿಡಿದು ನಾನು ಓದಿ ಹೇಳಿದ್ದನ್ನು ಅವರು ನಂಬಲಿಲ್ಲ. ನನ್ನ ಪೊರಕೆಯಿಂದ ಗಟ್ಟಿ ಕಡ್ಡಿ ಒಂದನ್ನು ಕಿತ್ತು, ಅಲ್ಲಿ ನಿಲ್ಲಿಸಿ, ಸರಿಯಾಗಿ ಅದೇ ಎತ್ತರಕ್ಕೆ ನನ್ನ ಕೈಯಿಂದಲೇ ತುಂಡು ಮಾಡಿಸಿದರು. "ಹೊಸ ಪೊರಕೆ ಕಣ್ರೀ" ಅಂದೆ. "ಹ್ಞೂಂ" ಅಂದರು. ಕಡ್ಡಿಯನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.

ಅಂಗಡಿ ದೊಡ್ಡದು, ಗಾಜಿನ ಕಪಾಟಿನ ತುಂಬ ಎಣ್ಣೆ ಸವರಿದ ಹೊಳೆಯುವ ಸಾಮಾನು. ಸೇಲ್ಸ್‌ಮನ್ ಒಬ್ಬ ಬಾಯಿಬಡುಕ. ಇವರು ತೊದಲೋದು ನೋಡಿ ಕಿವುಡರಿಗೆ ಹೇಳೋ ಹಾಗೆ ಜೋರಾಗಿ ಹೇಳತೊಡಗಿದ. "ಅವರಿಗೆ ಕಿವಿ ಸರಿಯಾಗಿದೆ, ಮೆಲ್ಲಗೆ ಹೇಳಪ್ಪ" ಅಂದೆ. ಎರಡು ನಮೂನೆ ಮುಂದಿಟ್ಟ. ಒಂದರಲ್ಲಿ ಒಳಗಿನಿಂದ ಒಂದು ಗೂಟ ಬಂದು ಹೋಲ್ಡರನ್ನು ಹೊರಕ್ಕೆ ಒತ್ತಿ ಹಿಡಿಯುತ್ತೆ, ಅಗ್ಗ. ಇನ್ನೊಂದರಲ್ಲಿ ಬೆಣೆ ಇಳಿದು ಹೋಲ್ಡರನ್ನು ಪೋಸ್ಟಿನ ಮೈಗೇ ಎಳೆದುಕೊಳ್ಳುತ್ತೆ, ಎಷ್ಟು ಸಲ ತೆಗೆದು ಹಾಕಿದರೂ ಅದೇ ಜಾಗಕ್ಕೆ ಬಂದು ಕೂರುತ್ತೆ. ಇವರು ಬೆಣೆಯದ್ದನ್ನು ಬೆರಳಲ್ಲಿ ತಟ್ಟಿದರು. ಅದರಲ್ಲಿ ದೊಡ್ಡದೊಂದು, ಸಣ್ಣದೊಂದು. ಕರವಸ್ತ್ರ ಬಿಚ್ಚಿ ಕಡ್ಡಿಯನ್ನು ಎರಡರ ಪಕ್ಕಕ್ಕೂ ನಿಲ್ಲಿಸಿ ನೋಡಿದರು. ಸೇಲ್ಸ್‌ಮನ್ ಕಡ್ಡಿ ನೋಡಿ ನಕ್ಕ, ಆಮೇಲೆ ಅವನೇ ಬಗ್ಗಿ ನೋಡಿ ತಲೆದೂಗಿದ. ಎರಡೂ ಕಡ್ಡಿಗೆ ಹೊಂದಿದವು.

"ನಿಮ್ಮ ಲೇತ್‌ಗೆ ದೊಡ್ಡದೇ ಸರಿ ಸಾರ್. ಗಟ್ಟಿ. ಅಲ್ಲಾಡಲ್ಲ" ಅಂದ.

ಇವರು ನನ್ನ ಕಡೆ ತಿರುಗಿ, "ನೀನು ಹಾಕು" ಅಂದರು.

ಪಾಪ, ಅಪರಿಚಿತರ ಮುಂದೆ ತನ್ನ ಕೈಲಾಗದ ಕೈ ತೋರಿಸೋಕೆ ನಾಚಿಕೆ ಅಂದುಕೊಂಡೆ. ದೊಡ್ಡ ಹೋಲ್ಡರ್ ಎತ್ತಿ ಜಾರಿಸಿದೆ. ಕಲ್ಲಿನಷ್ಟು ಭಾರ, ಮಣಿಕಟ್ಟು ಬಾಗಿತು. ಸಣ್ಣದರ ಹೋಲ್ಡರ್ ಎತ್ತಿದೆ. ಹಗುರ. ಜಾರಿಸಿ, ಲಿವರ್ ಎಳೆದೆ, ಬಿಟ್ಟೆ, ಮತ್ತೆ ಎಳೆದೆ. ಇವರು ಟೂಲ್ ಪೋಸ್ಟ್ ನೋಡುತ್ತಲೇ ಇರಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದರು.

"ಸಣ್ಣದು" ಅಂದರು.

ಸೇಲ್ಸ್‌ಮನ್ ಏನೇನೋ ಹೇಳಿ ನೋಡಿದ. ಇವರು ಜಗ್ಗಲಿಲ್ಲ. ಹೋಲ್ಡರ್ ಎಷ್ಟು ಬೇಕು ಅಂತ ಕೇಳಿದ, ಎಲ್ಲರೂ ಹತ್ತು ಹನ್ನೆರಡು ಒಯ್ಯುತ್ತಾರೆ, ಸ್ಕ್ರೂಗೆ ಇರೋ ಹಾಗೆ ಥ್ರೆಡ್ ಕೆತ್ತೋಕೆ ಬೇರೆ, ಡ್ರಿಲ್ ಹಿಡಿಯೋಕೆ ಬೇರೆ ಅಂದ. ಇವರು ನಾಲ್ಕು ಬೆರಳು ತೋರಿಸಿದರು. ನನಗೆ ಆಶ್ಚರ್ಯವಾಯಿತು. ಥ್ರೆಡ್ ಕೆತ್ತೋದರಲ್ಲಿ ಅವರದ್ದು ಎತ್ತಿದ ಕೈ. ಅದಕ್ಕೊಂದು ಹೋಲ್ಡರ್ ಬೇಡವಾ? "ಬೇಡ" ಅಂದರು. ನಾವು ಹೊರಡುವಾಗ ಸೇಲ್ಸ್‌ಮನ್ ಒಂದು ಒಳ್ಳೆ ಕೆಲಸ ಮಾಡಿದ. ಪೋಸ್ಟಿನ ತಲೆಯಲ್ಲಿ ಲಿವರ್ ಸಿಕ್ಕಿಸೋಕೆ ಬೇರೆ ಬೇರೆ ಕಡೆ ತೂತುಗಳಿದ್ದವು. "ನಿಮಗೆ ಎಡಗೈ ಅಲ್ವಾ ಸಾರ್, ಎಡಗಡೆಗೇ ಹಾಕಿಕೊಡ್ತೀನಿ" ಅಂತ ಹಾಕಿಕೊಟ್ಟ.

ಮನೆಗೆ ಬಂದು ಪೋಸ್ಟ್ ಕೂರಿಸಿದ ಮೇಲೆ ಇವರು ಮಾಡಿದ ಮೊದಲ ಕೆಲಸವೇ ಆ ಲಿವರ್ ಬಿಚ್ಚಿದ್ದು. ಒಂದೇ ಕೈಯಲ್ಲಿ ತಿರುಗಿಸಿ ತಿರುಗಿಸಿ, ಬೆವರು ಸುರಿಸಿ, ಬಲಗಡೆಯ ತೂತಿಗೆ ಹಾಕಿದರು. ಆಮೇಲೆ ನಾಲ್ಕು ಹೋಲ್ಡರಿಗೂ ಟೂಲ್ ಕಟ್ಟಿ, ಒಂದೊಂದರ ಎತ್ತರವನ್ನೂ ತಾವೇ ಹೊಂದಿಸಿದರು. ಎಷ್ಟೋ ದಿನ ಹಿಡಿಯಿತು. ನಾನು ಕೈ ಹಾಕೋಕೆ ಹೋದರೆ ತಲೆ ಅಲ್ಲಾಡಿಸೋರು. ಡಬ್ಬಿಗೆ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟರು. ಗರಗಸ, ತಗಡು, ಬ್ಲೇಡ್, ಎಲ್ಲಾ ಒಳಗೆ. ನಾನು ಅದನ್ನು ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಪಕ್ಕ ಇಟ್ಟೆ. ಬೇರೆ ಎಲ್ಲಿಡಬೇಕೋ ತಿಳಿಯಲಿಲ್ಲ.

ಆ ಲಿವರ್ ನನ್ನ ಜೀವ ಹಿಂಡಿತು. ಬಲಗಡೆ ಇರೋದನ್ನು ಎಡಗೈಯಲ್ಲಿ ಎಳೆಯಬೇಕಾದರೆ ಇವರು ಮೈ ತಿರುಚಿ, ಟೂಲಿನ ಮೇಲಿನಿಂದ ಕೈ ದಾಟಿಸಬೇಕಿತ್ತು. ಎರಡು ಸಲಕ್ಕೊಂದು ಸಲ ಬೆರಳ ಗೆಣ್ಣು ತರಚಿಕೊಳ್ಳೋದು. "ಆ ಕಡೆ ತೂತಿದೆಯಲ್ರೀ, ಅಂಗಡಿಯವನು ಸರಿಯಾಗೇ ಹಾಕಿಕೊಟ್ಟಿದ್ದ, ನಿಮ್ಮದೇನು ಹಠ?" ಅಂತ ಕೇಳಿದೆ.

"ಇರಲಿ."

"ಏನು ಇರಲಿ? ರಕ್ತ ಬರ್ತಿದೆ."

"ಇರಲಿ."

ನನಗೆ ಮೂಗಿನ ತುದಿಯಲ್ಲೇ ಕೋಪ. ಸ್ಪಾನರ್ ತೆಗೆದುಕೊಂಡು ನಾನೇ ಬದಲಾಯಿಸೋಕೆ ಹೋದೆ. ಇವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಗಟ್ಟಿಯಾಗಿ, ನೋವಾಗೋ ಹಾಗೆ. ಜೀವಮಾನದಲ್ಲಿ ಹಾಗೆ ಹಿಡಿದವರಲ್ಲ. ಸ್ಪಾನರ್ ಅಲ್ಲೇ ಬಿಟ್ಟೆ. ಕಾಯಿಲೆ ತಲೆಗೂ ಏರಿದೆಯೇನೋ ಅಂತ ತಂಗಿಯ ಹತ್ತಿರ ಹೇಳಿಕೊಂಡು ಅತ್ತೆ. ತನ್ನ ಯಾವ ಕೈ ಸತ್ತಿದೆ, ಯಾವ ಕೈ ಬದುಕಿದೆ ಅನ್ನೋದೇ ಈ ಮನುಷ್ಯನಿಗೆ ಮರೆತುಹೋಗಿದೆ ಅಂದೆ.

ಒಂದು ದಿನ ಭುಜ ನೋವು ಅಂತ ಹೇಳಿ ನನ್ನನ್ನು ಹಲಗೆಯ ಮೇಲೆ ನಿಲ್ಲಿಸಿದರು. "ನೀನೇ ಮಾಡು. ಪೂರ್ತಿ." ನಾನು ಸಿಟ್ಟಲ್ಲಿದ್ದೆ. "ಒಬ್ಬರೇ ಮಾಡಬಹುದು ಅಂತ ತಂದಿದ್ದಲ್ವಾ, ಈಗ ನಾನ್ಯಾಕೆ ಬೇಕಾದೆ?" ಅಂದೆ. ಅವರು ಲೇತ್ ಕಡೆ ಬೆರಳು ತೋರಿಸಿದರು. ಹೋಲ್ಡರನ್ನು ಠಪ್ ಅಂತ ಹಾಕಿದೆ, ಲಿವರನ್ನು ಧಡ್ ಅಂತ ಎಳೆದೆ. ಮುಖ ಕೆತ್ತಿದೆ, ಲೇತ್‌ನ ಹಿಂದಿನ ತುದಿಗೆ ಸಿಕ್ಕಿಸಿದ ಡ್ರಿಲ್‌ನಿಂದ ತೂತು ಕೊರೆದೆ, ಒಳಗೆ ಕೆತ್ತಿದೆ, ಚೂಪಾದ ಅಂಚು ಮುರಿದೆ, ಕತ್ತರಿಸಿದೆ. ಬುಷ್ ತಟ್ಟೆಗೆ ಬಿತ್ತು. ಇವರು ಸ್ಟೂಲ್ ಮೇಲೆ ಕೂತು ತಲೆ ಬಗ್ಗಿಸಿಕೊಂಡು ಸದ್ದು ಕೇಳುತ್ತಿದ್ದರು. "ಇನ್ನೊಂದು" ಅಂದರು. ಇನ್ನೊಂದು ಮಾಡಿದೆ. ಹೀಗೆ ಆಗಾಗ ಭುಜ ನೋವು ಬರತೊಡಗಿತು. ಉಳಿದ ದಿನ ನಾನು ಸ್ಟೂಲ್ ಮೇಲೆ, ಅವರು ಲೇತ್ ಮುಂದೆ. ಕೊಡೋಕೆ ಏನೂ ಇರಲಿಲ್ಲ, ಕೇಳೋಕೆ ಅವರಿಗೂ ಏನೂ ಇರಲಿಲ್ಲ. ಮೊದಲು ಅವರು ಬಾಗಿಲಿನ ಆ ಕಡೆ ಇದ್ದಾಗಲೂ ಇಷ್ಟು ದೂರ ಅನ್ನಿಸಿರಲಿಲ್ಲ. ಒಂದೆರಡು ಸಲ ಬೇಕಂತಲೇ ಡಬ್ಬಿ ತಂದು ಪಕ್ಕದಲ್ಲಿಟ್ಟುಕೊಂಡು ಕೂತೆ. ಅವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು. ಏನೋ ಹೇಳೋಕೆ ಬಾಯಿ ತೆರೆದ ಹಾಗಿತ್ತು. ಮತ್ತೆ ಲೇತ್ ಕಡೆ ತಿರುಗಿದರು.

ಎರಡನೇ ಸಲ ಲಕ್ವ ಬಂದಿದ್ದು ಊಟವಾದ ಮೇಲೆ, ಕುರ್ಚಿಯಲ್ಲಿ. ಕೈ ತೊಳೆಯೋಕೆ ನೀರು ತಂದೆ, ಅಷ್ಟರಲ್ಲಿ ಹೋಗಿಬಿಟ್ಟಿದ್ದರು. ಎಡಗೈ ಬೆರಳ ಗೆಣ್ಣಿನ ಮೇಲೆ ತರಚಿದ ಗಾಯ ಇನ್ನೂ ಹಸಿಯಾಗಿತ್ತು. ಎಲ್ಲರೂ ಬೇರೆ ಬೇರೆಯದಕ್ಕೆ ಅತ್ತರು, ನಾನು ಆ ಗಾಯ ನೋಡಿ ಅತ್ತೆ.

ತಂಗಿ ತನ್ನ ಮನೆಗೆ ಬಾ ಅಂದಳು. ಲೇತ್ ಮಾರಿಬಿಡು, ಇನ್ನು ಅದನ್ನಿಟ್ಟುಕೊಂಡು ಏನು ಮಾಡ್ತೀಯ ಅಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ನೋಡೋಣ ಅಂದೆ. ಶಟರ್ ಎಳೆದಿತ್ತು, ಒಳಗಿನ ಬಾಗಿಲಿಗೆ ಚಿಲಕ ಹಾಕಿದ್ದೆ. ಅಡುಗೆಮನೆಯಲ್ಲಿ ನಿಂತರೆ ಆ ಕಡೆಯಿಂದ ಒಂದು ಚೂರೂ ಸದ್ದಿಲ್ಲ. ಯಾವ ಸದ್ದಿಗೆ ನಾನು ಇಷ್ಟು ವರ್ಷ ಗೊಣಗಿದ್ದೆನೋ ಅದೇ ಇಲ್ಲದೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಪಂಪ್‌ನವನು ಬಂದ. ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. "ಕೇಳೋಕೆ ನಾಲಿಗೆ ಬರ್ತಿಲ್ಲ ಅಮ್ಮಾ. ಯಜಮಾನರು ಮಾಡಿಟ್ಟ ಬುಷ್ ಏನಾದರೂ ಉಳಿದಿದೆಯಾ? ಒಂದು ಮನೆಯವರು ನೀರಿಲ್ಲದೆ ಕೂತಿದ್ದಾರೆ."

"ನೋಡ್ತೀನಿ" ಅಂದೆ. ಅವನು ಹೊರಗೆ ಜಗಲಿಯಲ್ಲಿ ಕೂತ. ನಾನು ಚಿಲಕ ತೆಗೆದು ಒಳಗೆ ಹೋದೆ. ತಟ್ಟೆ ಖಾಲಿ. ಆದರೆ ಸರಳನ್ನು ಹಿಡಿದು ತಿರುಗಿಸುವ ಚಕ್‌ನಲ್ಲಿ ಹಿತ್ತಾಳೆ ಸರಳು ಕಚ್ಚಿಸಿದ ಹಾಗೇ ಇತ್ತು, ತೀರಿಕೊಂಡ ದಿನ ಬೆಳಗ್ಗೆ ಅವರು ಹಾಕಿ ಬಿಟ್ಟಿದ್ದು. ಅದನ್ನು ಹಾಗೇ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ. ಒಂದು ಮಾಡಿಕೊಟ್ಟು ಕಳಿಸೋಣ, ಇದೇ ಕೊನೆ, ಆಮೇಲೆ ಮಾರೋರು ಮಾರಲಿ ಅಂದುಕೊಂಡು ಹಲಗೆಯ ಮೇಲೆ ಹತ್ತಿದೆ.

ಹೋಲ್ಡರುಗಳು ಸಾಲಾಗಿದ್ದವು. ಮೊದಲನೆಯದನ್ನು ಎಡಗೈಯಲ್ಲಿ ಜಾರಿಸಿದೆ. ಬಲಗೈ ಚಾಚಿದೆ. ಲಿವರ್ ಅಲ್ಲೇ ಇತ್ತು. ನೋಡಬೇಕಾಗಿರಲಿಲ್ಲ, ಬಗ್ಗಬೇಕಾಗಿರಲಿಲ್ಲ. ಹಲಗೆಯ ಮೇಲೆ ನಿಂತ ನನ್ನ ಬಲಗೈ ತಾನಾಗೇ ಎಲ್ಲಿಗೆ ಹೋಗುತ್ತೋ ಅಲ್ಲಿ, ನನ್ನ ಅಂಗೈಗೆ ಬಂದು ಕೂತಿತು. ಇಷ್ಟು ದಿನ ಸಿಟ್ಟಲ್ಲಿ ಎಳೆದಿದ್ದೆ, ಆದ್ದರಿಂದ ಗೊತ್ತಾಗಿರಲಿಲ್ಲ.

ಎಳೆದೆ, ಬಿಟ್ಟೆ, ಮತ್ತೆ ಎಳೆದೆ.

ಅಂಗಡಿಯಲ್ಲಿ ನನ್ನ ಮಣಿಕಟ್ಟನ್ನೇ ನೋಡುತ್ತಿದ್ದ ಆ ಕಣ್ಣು ನೆನಪಾಯಿತು. ಅದು ನಾಚಿಕೆಯಾಗಿರಲಿಲ್ಲ. ಸಾಲಾಗಿದ್ದ ಹೋಲ್ಡರುಗಳನ್ನು ಒಂದೊಂದಾಗಿ ನೋಡಿದೆ. ಮುಖ ಕೆತ್ತೋದು, ಒಳಗೆ ಕೆತ್ತೋದು, ಅಂಚು ಮುರಿಯೋದು, ಕತ್ತರಿಸೋದು. ಈ ನಾಲ್ಕರಲ್ಲಿ ಒಂದೇ ಒಂದು ಕೆಲಸ ಆಗುತ್ತೆ, ಬುಷ್. ಥ್ರೆಡ್ ಇಲ್ಲ, ಬೇರೆ ಏನೂ ಇಲ್ಲ. ಲೇತ್‌ನಲ್ಲಿ ಆಗೋ ನೂರು ಕೆಲಸ ಬಲ್ಲ ಮನುಷ್ಯ ತನಗಾಗಿ ಕೊಂಡಿದ್ದರೆ ಹೀಗೆ ಕೊಳ್ಳುತ್ತಿದ್ದರಾ? ಬುಷ್ ಒಂದನ್ನೇ ಬಲ್ಲವಳು ನಾನು. ಒಬ್ಬರೇ ಮಾಡಬಹುದು ಅಂದಿದ್ದರು. ಆ ಒಬ್ಬರು ಅವರಲ್ಲ.

ತನಗೆ ಹೆಚ್ಚು ದಿನ ಇಲ್ಲ ಅಂತ ಅವರಿಗೆ ಗೊತ್ತಿತ್ತು. ಅದಕ್ಕೇ ದಿನಾ ತನ್ನ ಕೈ ತರಚಿಕೊಂಡು, ಮೈ ತಿರುಚಿಕೊಂಡು, ನನ್ನ ಕೈಗೆ ಹೊಂದೋ ಯಂತ್ರದಲ್ಲಿ ಕೆಲಸ ಮಾಡಿದರು. ನಾನು ಅದನ್ನು ಹಠ ಅಂದೆ, ತಲೆ ಕೆಟ್ಟಿದೆ ಅಂದೆ. ಮತ್ತೇನು ಅನ್ನಬೇಕಿತ್ತು? ಒಂದು ಮಾತು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ನನಗೆ ಆವತ್ತೂ ಸಿಟ್ಟು ಬಂತು, ಈಗಲೂ ಇದೆ. ಇಂಥ ಮನುಷ್ಯನನ್ನು ಕಟ್ಟಿಕೊಂಡವಳ ಸಂಕಟ ಅವಳಿಗೇ ಗೊತ್ತು. ಲೇತ್‌ಗೆ ಹಣೆ ಒತ್ತಿಕೊಂಡು ನಾನು ಅತ್ತ ಹಾಗೆ ಅವರು ಹೋದ ದಿನವೂ ಅತ್ತಿರಲಿಲ್ಲ.

ಹೊರಗಿನಿಂದ ಪಂಪ್‌ನವನು ಕೇಳಿದ, "ಏನಾಯ್ತು ಅಮ್ಮಾ?"

"ಏನಿಲ್ಲ, ಕಣ್ಣಿಗೆ ಚೂರು ಬಿತ್ತು" ಅಂದೆ. ಯಂತ್ರ ಇನ್ನೂ ಶುರುವೇ ಆಗಿರಲಿಲ್ಲ. 

ಕಣ್ಣೊರೆಸಿಕೊಂಡು ಸ್ವಿಚ್ ಹಾಕಿದೆ. ಸರಳಿನ ಮುಖ ಕೆತ್ತಿ, ನಿಲ್ಲಿಸಿ, ಹೆಬ್ಬೆರಳು ಸವರಿ ನೋಡಿದೆ. ಮೊಡವೆ ಇರಲಿಲ್ಲ. ಅವರು ಹೊಂದಿಸಿಟ್ಟ ಎತ್ತರ ಕೂದಲಷ್ಟೂ ಕದಲಿರಲಿಲ್ಲ. ಬುಷ್ ಮಾಡಿ ಕೊಟ್ಟು ಕಳಿಸಿದೆ. ಅವನು ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ, ಇನ್ನಷ್ಟು ಬೇಕಾಗುತ್ತೆ ಅಂದ. ಆಯ್ತು ಅಂದೆ. ತಂಗಿಗೆ ಲೇತ್ ಮಾರೋದಿಲ್ಲ ಅಂತ ಹೇಳಿ ಕಳಿಸಿದೆ.

ಎಷ್ಟೋ ಸಲ ಯೋಚನೆ ಮಾಡಿದ್ದೇನೆ. ಯಾಕೆ ಹೇಳಲಿಲ್ಲ? ಹೇಳಿದ್ದರೆ, ನೀವು ಹೋದ ಮೇಲಿನ ಬದುಕಿಗೆ ನನ್ನ ಕೈಯಿಂದ ಅಳತೆ ತೆಗೆಸ್ತೀರಾ ಅಂತ ನಾನು ಆ ಪೊರಕೆಕಡ್ಡಿಯನ್ನು ಮುರಿದು ಒಲೆಗೆ ಹಾಕುತ್ತಿದ್ದೆ. ಅಂಗಡಿಗೆ ಹೋಗೋಕೇ ಬಿಡುತ್ತಿರಲಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾನೊಬ್ಬಳೇ ಬದುಕೋ ಹಾಗೆ ಎಲ್ಲವನ್ನೂ ಹೊಂದಿಸಿಟ್ಟು ಹೋದರು. ನನಗೆ ಬೇಕಾಗಿದ್ದದ್ದು ಅದಾಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಪಕ್ಕದಲ್ಲಿ ನಿಂತು ಬ್ಲೇಡ್ ಕೊಡೋದು.

ಡಬ್ಬಿ ಈಗಲೂ ಸಕ್ಕರೆ ಡಬ್ಬಿಯ ಪಕ್ಕದಲ್ಲೇ ಇದೆ. ಆ ಪೋಸ್ಟಿಗೆ ಯಾವ ಪಟ್ಟಿಯೂ ಬೇಡ. ಬೆಳಗ್ಗೆ ಅಡುಗೆ ಮುಗಿಸಿ, ಬಾಗಿಲು ದಾಟಿ ಹೋಗಿ, ಹಲಗೆ ಹತ್ತಿ, ಬಲಗೈ ಚಾಚಿ ಲಿವರ್ ಎಳೆಯುತ್ತೇನೆ. ಅವರು ಹೇಳಿದ್ದು ನಿಜ, ಒಬ್ಬರೇ ಮಾಡಬಹುದು. ಮಾಡುತ್ತಿದ್ದೇನೆ.